ಮಾರ್ಜಾಲವೃಕ್ಷ ನಿರ್ಣಯ: ಊರಿಗಾಂ ಗಣಿಸೀಮೆಗೆ ಅನ್ವಯಿಸಿ

ಮಾರ್ಜಾಲವೃಕ್ಷವೆಂದರೆ ಬೇರಿಲ್ಲದ, ಎಲೆಯಿಲ್ಲದ, ಹಣ್ಣು ಬಿಡದ, ಆದರೂ ಮನೆಯೊಳಗೇ ನೆಡಬೇಕಾದ ಮರ. ಇದರ ಲಕ್ಷಣ ಹೇಳಹೊರಟರೆ ತರ್ಕಶಾಸ್ತ್ರದ ಮೂರು ದೋಷಗಳೂ ಕಾಲಿಗೆ ತೊಡರುತ್ತವೆ. ‘ಬೆಕ್ಕು ಹತ್ತುವಂಥದ್ದು’ ಎಂದರೆ ಅತಿವ್ಯಾಪ್ತಿ; ಫ್ರಿಜ್ಜು, ಕಿಟಕಿಯ ಪರದೆ, ರಾಗಿ ಮೂಟೆ, ಊಟಕ್ಕೆ ಕೂತವರ ಬೆನ್ನು ಎಲ್ಲವೂ ಮರವಾಗಿಬಿಡುತ್ತವೆ. ‘ಅಂಗಡಿಯಿಂದ ತಂದದ್ದು’ ಎಂದರೆ ಅವ್ಯಾಪ್ತಿ. ಬಡಗಿ ಮಾಡಿಕೊಟ್ಟದ್ದು ಹೊರಗುಳಿಯುತ್ತದೆ. ‘ಬೆಕ್ಕಿಗೆಂದು ದುಡ್ಡು ಕೊಟ್ಟು ತಂದದ್ದು, ಬೆಕ್ಕೂ ಒಪ್ಪಿ ಹತ್ತುವಂಥದ್ದು’ ಎಂದರೆ ಅಸಂಭವ. ಆದ್ದರಿಂದ ಕೋಲಾರದ ಚಿನ್ನದ ಗಣಿಗಳ ಊರಾದ ಊರಿಗಾಮಿನಲ್ಲಿ ಉಪಮಾನವೇ ಪ್ರಮಾಣ. ಗಣಿಯ ಬಾಯಿಯ ಮೇಲೆ ನಿಂತ ಹೆಡ್‌ಗೇರ್ ಗೋಪುರವನ್ನು ಕಂಡವರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ: ಕಂಬ, ಅಡ್ಡಪಟ್ಟಿ, ತುದಿಯಲ್ಲಿ ಗುಂಡಗಿನದೊಂದು. ಅಲ್ಲಿ ಚಕ್ರ, ಇಲ್ಲಿ ಬೆಕ್ಕು.

ಎರಡಕ್ಕೂ ಇರುವ ಭೇದ ದಿಕ್ಕಿನದು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಬಂದಾಗಿನಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಈ ಊರಿನ ವಿದ್ಯೆಯೆಲ್ಲ ಕೆಳಮುಖವಾಗಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮಿಕ್ಕಿ ಇಳಿಯಿತು. ಮೇಲೇರುವ ವಿದ್ಯೆ ಬೆಕ್ಕಿಗೇ ಮೀಸಲಾಗಿ ಉಳಿಯಿತು. ಅದಕ್ಕೂ ಒಂದು ಮಿತಿಯುಂಟು: ಉಗುರುಗಳೆಲ್ಲ ಹಿಂದಕ್ಕೆ ಬಾಗಿರುವುದರಿಂದ ಹತ್ತಿದಷ್ಟು ಸಲೀಸಾಗಿ ತಲೆ ಕೆಳಗೆ ಮಾಡಿ ಇಳಿಯಲಾರದು. ಗಣಿಯಲ್ಲಿ ಮೇಲೆ ಬರುವುದಕ್ಕೆ ಕೇಜು ಬೇಕಾದಂತೆ, ಮರದಲ್ಲಿ ಇಳಿಯುವುದಕ್ಕೆ ನಡುವೆ ಹಂತಗಳು ಬೇಕು. ಒಂದೇ ಕಂಬದ ತುದಿಗೆ ಒಂದೇ ಹಲಗೆ ಹೊಡೆದ ಮರವನ್ನು ಕೊಳ್ಳಬಾರದು.

ಕೊಳ್ಳುವಾಗ ಮೊದಲು ನೋಡಬೇಕಾದ್ದು ಬುಡ, ತುದಿಯಲ್ಲ. ಬೆಕ್ಕು ಹಾರಿ ಕೂತಾಗ ಒಮ್ಮೆ ವಾಲಿದ ಮರ ಶಾಶ್ವತವಾಗಿ ಬಹಿಷ್ಕೃತ. ಗಣಿ ಕಾರ್ಮಿಕರ ಲೈನು ಮನೆಗಳ ಕೋಣೆಯಲ್ಲಿ ಅಗಲ ಬುಡಕ್ಕೆ ಜಾಗವಿಲ್ಲವಾದರೆ ಅದರ ಮೇಲೆ ಕಲ್ಲು ಹೇರಬೇಕು, ಮೇಲ್ತುದಿಯನ್ನು ಗೋಡೆಗೆ ಪಟ್ಟಿ ಹಾಕಿ ಬಿಗಿಯಬೇಕು. ಪರಚುವ ಕಂಬ ಬೆಕ್ಕು ಹಿಂಗಾಲಲ್ಲಿ ನಿಂತು ಮೈ ನಿಮಿರಿಸುವಷ್ಟು, ಅಂದರೆ ಸುಮಾರು ಮೂರಡಿ, ಇರಬೇಕು. ಸುತ್ತುವುದಕ್ಕೆ ಕತ್ತಾಳೆ ನಾರಿನ ಹಗ್ಗವೇ ಪ್ರಶಸ್ತ. ರೋಮದ ಹೊದಿಕೆಯ ಗುಲಾಬಿ ಮರಗಳು ಕೊಳ್ಳುವವರಿಗಾಗಿ ಹುಟ್ಟಿದವು. ಬೆಕ್ಕಿಗೆ ಕೆಂಪು ಸರಿಯಾಗಿ ಕಾಣುವುದೇ ಇಲ್ಲ. ಮೇಲಾಗಿ ಗಾಳಿಗಾಲದಲ್ಲಿ ಚಿನ್ನ ಸೋಸಿ ಉಳಿದ ಮಣ್ಣಿನ ಸೈನೈಡ್ ಗುಡ್ಡದ ಧೂಳು ಆ ರೋಮದಲ್ಲಿ ಕೂತು, ಅಲ್ಲಿಂದ ಬೆಕ್ಕಿನ ಮೈಗೆ, ಮೈಯಿಂದ ನಾಲಗೆಗೆ ಹೋಗುತ್ತದೆ. ಒಗೆಯಲು ಬರುವ ಹಳೆಯ ಹತ್ತಿ ಸೀರೆಯ ಮಡಿಕೆ ಸಾಕು. ಬೆಂಗಳೂರಿನಿಂದ ತರುವವರು ಇನ್ನೊಂದು ಅಳತೆಯನ್ನೂ ಗಮನಿಸತಕ್ಕದ್ದು: ಸಂಜೆ ಬಂಗಾರಪೇಟೆಗೆ ಬರುವ ರೈಲಿನ ಬಾಗಿಲಲ್ಲಿ ಮನುಷ್ಯರ ನಡುವೆ ತೂರಿಸಲಾಗದ್ದು ಎಷ್ಟೇ ಉತ್ತಮವಾದರೂ ತ್ಯಾಜ್ಯ.

ಎತ್ತರದ ಬಗ್ಗೆ ಎರಡು ಪಕ್ಷಗಳಿವೆ. ಬಿದ್ದೀತೆಂಬುದು ಪೂರ್ವಪಕ್ಷ. ಇದಕ್ಕೆ ಉತ್ತರವಾಗಿ ಫ್ರಾನ್ಸಿನ ಎತಿಯೆನ್ ಜೂಲ್ ಮರೇ 1894ರಲ್ಲಿ ಬೀಳುವ ಬೆಕ್ಕಿನ ಸಾಲುಚಿತ್ರಗಳನ್ನು ಪ್ರಕಟಿಸಿ, ಬೆನ್ನಡಿಯಾಗಿ ಬಿಟ್ಟರೂ ಅದು ಗಾಳಿಯಲ್ಲೇ ಹೊರಳಿ ಕಾಲೂರುವುದನ್ನು ತೋರಿಸಿದ. ಅದೇ ವರ್ಷ, ಆಗಿನ್ನೂ ಬೌರಿಂಗ್‌ಪೇಟೆಯಾಗಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲುದಾರಿ ತೆರೆಯಿತು. ಇವೆರಡಕ್ಕೂ ಸಂಬಂಧವಿಲ್ಲ ಎನ್ನುವವರಿದ್ದಾರೆ. ಅವರ ಮಾತು ಸರಿ, ಪ್ರಬಂಧಕ್ಕೆ ಉಪಯೋಗವಿಲ್ಲ. ಬೆಕ್ಕು ಬೀಳದೆ ತಾನಾಗಿ ಧುಮುಕುವ ಪ್ರಸಂಗ ಬೇರೆ. ನಡುರಾತ್ರಿ ಮೇಲ್ಹಲಗೆಯಿಂದ ನೆಲಕ್ಕೆ ಧುಮುಕಿದಾಗ ಪಾತ್ರೆಗಳು ಅದುರುತ್ತವೆ. ಗಣಿಯಲ್ಲಿ ಬಂಡೆ ಸಿಡಿದು ನೆಲ ನಡುಗುವುದನ್ನು ಏರ್ ಬ್ಲಾಸ್ಟ್ ಎಂದು ಕರೆದ ಊರಿನಲ್ಲಿ ಇದಕ್ಕೆ ಹೊಸ ಹೆಸರು ಹುಡುಕಬೇಕಾದ್ದಿಲ್ಲ. ಬುಡದಲ್ಲೊಂದು ಗೋಣಿತಾಟು ಹಾಸಿದರೆ ಆಯಿತು.

ಸ್ಥಾಪನೆಗೆ ಕಿಟಕಿಯ ಪಕ್ಕ ಶ್ರೇಷ್ಠ, ಮೂಲೆ ಮಧ್ಯಮ, ಟಿವಿಯ ಮುಂದೆ ಅನಿವಾರ್ಯ. ನಿಲ್ಲಿಸಿದ ಮೇಲೆ ಬೆಕ್ಕನ್ನು ಎತ್ತಿ ಅದರ ಮೇಲೆ ಕೂರಿಸಕೂಡದು. ಮರಿಯನ್ನು ಕಚ್ಚಿ ಒಯ್ಯುವ ಮಾರ್ಜಾಲನ್ಯಾಯ ತೆಂಗಲೈ ವೈಷ್ಣವರ ಶರಣಾಗತಿಗೆ ಸಲ್ಲುತ್ತದೆಯೇ ಹೊರತು ಬೆಳೆದ ಮಾರ್ಜಾಲಕ್ಕಲ್ಲ. ಬದಲಿಗೆ ಪಾಳುನೆಲದಲ್ಲಿ ಕಳೆಯಾಗಿ ಬೆಳೆಯುವ ಕುಪ್ಪಿಗಿಡವನ್ನು ಬೇರುಸಮೇತ ಕಿತ್ತು ಹಲಗೆಯ ಮೇಲಿಡಬೇಕು. ಎಲೆಗೆ ಸೊಪ್ಪು ಹಾಕದ ಬೆಕ್ಕು ಆ ಹಸಿ ಬೇರಿನ ವಾಸನೆಗೆ ಮೈಮರೆತು ಹೊರಳುತ್ತದೆ.

ಎರಡು ಬೆಕ್ಕುಗಳಿರುವ ಮನೆಯಲ್ಲಿ ಪಾಳಿಪದ್ಧತಿ ತಾನಾಗಿ ಜಾರಿಗೆ ಬರುತ್ತದೆ. ಗಣಿಯಲ್ಲಿ ಮೂರು ಪಾಳಿಯಲ್ಲೂ ದುಡಿಯುತ್ತಿದ್ದರು. ಮರದಲ್ಲಿ ಎಲ್ಲ ಪಾಳಿಯಲ್ಲೂ ನಿದ್ದೆ. ಮೇಲ್ಹಲಗೆ ಹಿರಿಯದಕ್ಕೆ, ಅದು ಊಟಕ್ಕಿಳಿದಾಗ ಕಿರಿಯದಕ್ಕೆ. ಮನೆಯವರು ಈ ವ್ಯವಹಾರದಲ್ಲಿ ಕೈಹಾಕಬಾರದು. ಜಗಳ ಹೆಚ್ಚಿದರೆ ಅಷ್ಟೇ ಎತ್ತರದಲ್ಲಿ ಎರಡನೆಯ ಹಲಗೆ ಹೊಡೆಸಬೇಕು.

ತಿಂಗಳಿಗೊಮ್ಮೆ ನಟ್ಟು ಬೋಲ್ಟು ಬಿಗಿ ಮಾಡಬೇಕು. ಹಗ್ಗ ಎಳೆ ಎಳೆಯಾಗಿ ಜೋತುಬಿದ್ದರೆ ಮರ ಕೆಟ್ಟಿತೆಂದು ತಿಳಿಯಬಾರದು, ಅದು ಅಂಗೀಕಾರದ ಗುರುತು. ಹೊಸ ಹಗ್ಗ ಸುತ್ತುವಾಗ ಹಳೆಯದರ ಒಂದೆರಡು ಸುತ್ತನ್ನು ಬುಡದಲ್ಲಿ ಹಾಗೆಯೇ ಬಿಡತಕ್ಕದ್ದು. ಪರಚುವಾಗ ಪಂಜದಿಂದ ಹತ್ತಿದ ವಾಸನೆ ಅದರಲ್ಲಿರುತ್ತದೆ. ಅದು ಅಳಿದರೆ ಬೆಕ್ಕು ಸೋಫಾದಲ್ಲಿ ಹೊಸ ಖಾತೆ ತೆರೆಯುತ್ತದೆ.