ಮಾಗಡಿ ಕೆರೆಯ ಅಂತರಿಕ್ಷ ಸಂಬಂಧ: ಒಂದು ಸಂಶೋಧನಾ ಪ್ರಬಂಧ

ಮೊದಲು ಅಧ್ಯಯನದ ವ್ಯಾಪ್ತಿ. ಮಾಗಡಿ ಎಂದೊಡನೆ ಬೆಂಗಳೂರಿನ ವಿದ್ವಾಂಸರು ಕೆಂಪೇಗೌಡರನ್ನು ನೆನೆದು ಪೀಠಿಕೆ ಬರೆಯಲು ಕೂರುತ್ತಾರೆ. ಆ ಮಾಗಡಿ ಬೇರೆ. ನಮ್ಮದು ಗದಗ ಜಿಲ್ಲೆಯದು, ಶಿರಹಟ್ಟಿ–ಲಕ್ಷ್ಮೇಶ್ವರದ ಸೀಮೆಯದು. ಅಲ್ಲಿ ಹೆಸರಾದದ್ದು ಕೋಟೆ, ಇಲ್ಲಿ ಹೆಸರಾದದ್ದು ಕೆರೆ. ಈ ಕೆರೆ ಅಂತರಿಕ್ಷಯಾನಿಗಳ ತಂಗುದಾಣ ಎಂಬುದೇ ಪ್ರಸ್ತುತ ಪ್ರಬಂಧದ ಪ್ರಮೇಯ. ಪ್ರಮೇಯವನ್ನು ಮೊದಲು ನಿರ್ಧರಿಸಿ ಆಧಾರಗಳನ್ನು ಆಮೇಲೆ ಹುಡುಕಿದ್ದರಿಂದ ಎರಡೂ ಚೆನ್ನಾಗಿ ಹೊಂದಿಕೊಂಡಿವೆ.

ಪ್ರತಿ ಚಳಿಗಾಲ ಇಲ್ಲಿಗೆ ಸಾವಿರಾರು ಪಟ್ಟೆತಲೆ ಹೆಬ್ಬಾತುಗಳು ಇಳಿಯುತ್ತವೆ. ಮಂಗೋಲಿಯ, ಟಿಬೆಟ್‌ಗಳ ಎತ್ತರದ ನೆಲದಲ್ಲಿ ಮರಿಮಾಡುವ ಹಕ್ಕಿಗಳಿವು, ಹಿಮಾಲಯ ದಾಟಿ ಬರುವಂಥವು. ಈ ಜಾತಿಯ ಹಕ್ಕಿಗಳಿಗೆ ಯಂತ್ರ ಕಟ್ಟಿ ಅಳೆದವರು 7,000 ಮೀಟರಿಗೂ ಮೇಲಿನ ಎತ್ತರವನ್ನು ದಾಖಲಿಸಿದ್ದಾರೆ. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಕೆಳಗಿನದರ ಅರ್ಧಕ್ಕೂ ಕಡಿಮೆ. ಮನುಷ್ಯ ಸಿಲಿಂಡರ್ ಹೊತ್ತು ಏದುಸಿರು ಬಿಡುವ ಜಾಗದಲ್ಲಿ ಹೆಬ್ಬಾತು ರೆಕ್ಕೆ ಬಡಿಯುತ್ತಲೇ ಹೋಗುತ್ತದೆ. ಅದರ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ತಗ್ಗು ನೆಲದ ಹೆಬ್ಬಾತುಗಳದಕ್ಕಿಂತ ಬಿಗಿಯಾಗಿ ಹಿಡಿಯಬಲ್ಲದು. ಇದು ಜೀವವಿಕಾಸದ ಫಲವೆಂದು ವಿಜ್ಞಾನಿಗಳು ಹೇಳುತ್ತಾರೆ. ಪ್ರಬಂಧಕಾರನ ಪ್ರಕಾರ ಇದು ಇಲಾಖೆ ಕೊಟ್ಟ ಸ್ಪೇಸ್‌ಸೂಟ್.

ಇಲಾಖೆ ಯಾವುದು? ಎಂಬತ್ತರ ದಶಕದ ದೂರದರ್ಶನದತ್ತ ತಿರುಗಬೇಕು. ಭಾನುವಾರ ಬೆಳಿಗ್ಗೆ ಒಬ್ಬ ಮಾಳಿಗೆ ಹತ್ತಿ ಆಂಟೆನಾ ತಿರುವುತ್ತ "ಈಗ ಬಂತೇನೋ?" ಎಂದು ಕೂಗಬೇಕು, ಕೆಳಗಿನವರು "ಬಂತು, ಬಂತು, ಹೋತು" ಎನ್ನಬೇಕು. ಆ ಬಂದು ಹೋದದ್ದರಲ್ಲಿ ಒಂದು 'ಸ್ಟಾರ್ ಟ್ರೆಕ್'. ಅಮೆರಿಕದಲ್ಲಿ 1966ರಲ್ಲಿ ಶುರುವಾಗಿ 79 ಕಂತುಗಳಿಗೆ ಮುಗಿದ ಧಾರಾವಾಹಿ. ಐದು ವರ್ಷದ ಅಂತರಿಕ್ಷಯಾನವೆಂದು ಪ್ರತಿ ಕಂತಿನಲ್ಲೂ ಸಾರಿ ಮೂರನೇ ವರ್ಷಕ್ಕೇ ನಿಂತುಹೋಯಿತು. ಹೂಳೆತ್ತುವ ಕಾಮಗಾರಿ ನೋಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಅದರಲ್ಲಿ ಚೂಪು ಕಿವಿಯ ಸ್ಪಾಕ್‌ನ ತೋಳಿನ ಅಂಚಿನಲ್ಲಿ ಎರಡು ಪಟ್ಟಿ, ಕಮಾಂಡರ್ ದರ್ಜೆಯ ಗುರುತು. ಈಗ ಮಾಗಡಿಯ ಹೆಬ್ಬಾತನ್ನು ದುರ್ಬೀನಿನಲ್ಲಿ ನೋಡಿ. ಬಿಳಿ ತಲೆಯ ಹಿಂಭಾಗದಲ್ಲಿ ಸ್ಪಷ್ಟವಾಗಿ ಎರಡು ಕಪ್ಪು ಪಟ್ಟಿ. ಎರಡೂ ಕಡೆ ಎರಡೇ. ಇದಕ್ಕಿಂತ ಹೆಚ್ಚಿನ ಆಧಾರ ಕೇಳುವ ಮೌಲ್ಯಮಾಪಕರು ದುರುದ್ದೇಶದಿಂದ ಕೇಳುತ್ತಿದ್ದಾರೆಂದೇ ತಿಳಿಯತಕ್ಕದ್ದು.

ಧಾರಾವಾಹಿಯಲ್ಲಿ ಗ್ರಹಗಳ ಒಕ್ಕೂಟವೊಂದಿದೆ. 1971ರಲ್ಲಿ ಇರಾನಿನ ರಾಮ್ಸಾರ್‌ನಲ್ಲಿ ದೇಶಗಳು ಕೂಡಿ ಜೌಗುನೆಲಗಳ ರಕ್ಷಣೆಗೆ ಒಪ್ಪಂದ ಮಾಡಿಕೊಂಡವು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ, ಅಂಕಸಮುದ್ರಗಳ ಜೊತೆ ಮಾಗಡಿ ಕೆರೆಯೂ ಅದರ ಪಟ್ಟಿಗೆ ಸೇರಿತು. ಮಳೆನೀರು ನಿಲ್ಲಿಸಿ ಹೊಲಕ್ಕೆ ಹಾಯಿಸಲೆಂದು ಕಟ್ಟಿದ ಕೆರೆಗೆ ಅಂತರರಾಷ್ಟ್ರೀಯ ಕಾವಲು. ಒಕ್ಕೂಟವಲ್ಲದೆ ಇದು ಮತ್ತೇನು?

ಪೂರ್ವಪಕ್ಷವನ್ನೂ ಎತ್ತಬೇಕು, ಇಲ್ಲದಿದ್ದರೆ ಪ್ರಬಂಧವೆನಿಸದು. ಹಗಲೆಲ್ಲ ನೀರಿನಲ್ಲಿ ತೇಲುವ ಈ ಕಮಾಂಡರುಗಳು ಕತ್ತಲಾಗುತ್ತಲೇ ಸುತ್ತಲಿನ ಹೊಲಗಳಿಗೆ ಏಳುತ್ತವೆ. ನಸುಕಿನಲ್ಲಿ ಹೋಗಿ ನೋಡಿದರೆ ಎರೆಮಣ್ಣಿನಲ್ಲಿ ಜಾಲಪಾದದ ಮೂರು ಬೆರಳಿನ ಅಚ್ಚು, ಕತ್ತರಿಸಿದಂತೆ ಮೋಟಾದ ಕಡಲೆ ಕುಡಿ, ನಡುನಡುವೆ ಹಸಿರು ಹಿಕ್ಕೆ. ಅಂತರಿಕ್ಷದ ವಾದವನ್ನು ವಿವರವಾಗಿ ಕೇಳಿಸಿಕೊಂಡ ರೈತನೊಬ್ಬನ ಪ್ರತಿಕ್ರಿಯೆ: "ಅವು ಎಲ್ಲಿಂದರೆ ಬರವಲ್ವರ್ಯಾಕ್ರಿ, ತಿನ್ನೂದು ನಮ್ಮ ಕಡ್ಲೀನ." ಈ ಆಕ್ಷೇಪಕ್ಕೆ ಪ್ರಬಂಧದಲ್ಲಿ ಉತ್ತರವಿಲ್ಲ. ಮುಂದಿನ ಸಂಶೋಧಕರಿಗೆ ಬಿಡಲಾಗಿದೆ.

ಈಗ ಪ್ರಬಲ ಸಾಕ್ಷ್ಯ. ಸೂರ್ಯನಿಂದ ಸುಮಾರು 19.5 ಕೋಟಿ ಕಿ.ಮೀ. ಒಳಗೆ ಬಂದು ಹೋಗುವ ಕಕ್ಷೆಯುಳ್ಳ ಕ್ಷುದ್ರಗ್ರಹಕ್ಕೆ ಭೂಸಮೀಪದ್ದೆಂದು ಹೆಸರು. 'ಸಮೀಪ' ಎಂಬುದನ್ನು ಇಷ್ಟು ಉದಾರವಾಗಿ ಬಳಸುವವರು ಖಗೋಳಜ್ಞರು ಮತ್ತು ಸೈಟು ಮಾರುವವರು ಮಾತ್ರ. ಈ ಬಳಗದ ಅಪೋಫಿಸ್ ಪತ್ತೆಯಾದದ್ದು 2004ರಲ್ಲಿ. ಆ ಡಿಸೆಂಬರಿನಲ್ಲಿ, 2029ರಲ್ಲಿ ಅದು ಭೂಮಿಗೆ ಬಡಿಯುವ ಸಂಭವ ಶೇ. 2.7ರ ತನಕ ಏರಿತು. ಹೆಚ್ಚಿನ ಅಳತೆ ಸಿಕ್ಕಂತೆ ಇಳಿಯಿತು. ಇನ್ನು ನೂರು ವರ್ಷ ಅದರಿಂದ ಅಪಾಯವಿಲ್ಲವೆಂದು 2021ರಲ್ಲಿ ನಾಸಾ ಹೇಳಿತು. ಅಪೋಫಿಸ್ ಎಂದರೆ ಈಜಿಪ್ಟಿನ ಪುರಾಣದಲ್ಲಿ ಸೂರ್ಯನ ಮೇಲೆ ಎರಗುವ ಹಾವು, ನಮ್ಮ ರಾಹುವಿನ ಬೀಗನಿದ್ದಂತೆ. ಆದರೆ ಹೆಸರಿಟ್ಟ ಥೋಲೆನ್ ಮತ್ತು ಟಕ್ಕರ್ ಅವರ ಕಣ್ಣಮುಂದೆ ಇದ್ದವನು ತಾವು ಮೆಚ್ಚಿ ನೋಡುತ್ತಿದ್ದ 'ಸ್ಟಾರ್‌ಗೇಟ್' ಧಾರಾವಾಹಿಯ ಖಳನಾಯಕ. ಅವರು ಗದಗದಲ್ಲಿ ಕೂತು ಕನ್ನಡ ಧಾರಾವಾಹಿ ನೋಡುವವರಾಗಿದ್ದರೆ ಆ ಕಲ್ಲಿಗೆ ಯಾರಾದರೊಬ್ಬ ಅತ್ತೆಯ ಹೆಸರು ಬರುತ್ತಿತ್ತು. ಬಂದಳು, ಬಂದಳು ಎಂದು ಕಂತುಗಟ್ಟಲೆ ಹೆದರಿಸಿ ಕೊನೆಗೆ ಪಕ್ಕದಲ್ಲೇ ಹಾದುಹೋಗುವ ಗುಣವೂ ಸರಿಹೋಗುತ್ತಿತ್ತು.

ಆ ಹಾದುಹೋಗುವಿಕೆ ಭಾರತದ ಗಡಿಯಾರದ ಪ್ರಕಾರ 2029ರ ಏಪ್ರಿಲ್ 14ರ ನಸುಕು, ಮೂರರ ಸುಮಾರಿಗೆ. ನೆಲದಿಂದ ಸುಮಾರು 32,000 ಕಿ.ಮೀ. ದೂರದಲ್ಲಿ. ನಮ್ಮ ಇನ್ಸಾಟ್, ಜಿಸ್ಯಾಟ್‌ಗಳು ಸುತ್ತುವುದು ಇನ್ನೂ ಮೇಲೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಹಾಸನದ ನಿಯಂತ್ರಣ ಕೇಂದ್ರದವರು ಆ ರಾತ್ರಿ ಮಲಗುತ್ತಾರೋ ಇಲ್ಲವೋ, ಮಾಗಡಿಯ ಹೆಬ್ಬಾತುಗಳಂತೂ ಅಷ್ಟು ಹೊತ್ತಿಗೆ ಜಾಗ ಖಾಲಿ ಮಾಡಿರುತ್ತವೆ. ಅಪಾಯದ ಮುನ್ಸೂಚನೆ ಅವುಗಳಿಗಿದೆ ಎಂಬುದಕ್ಕೆ ಬೇರೆ ಪುರಾವೆ ಬೇಕೆ? ಬಿಸಿಲೇರುತ್ತಿದ್ದಂತೆ ಅವು ಪ್ರತಿ ವರ್ಷವೂ ಹೊರಡುತ್ತವಲ್ಲ ಎಂಬ ಆಕ್ಷೇಪವುಂಟು. ಹೌದು, ಪ್ರತಿ ವರ್ಷವೂ ಎಚ್ಚರದಿಂದಿರುತ್ತವೆ.

ಕೊನೆಯದಾಗಿ ಒಂದು ನ್ಯಾಯದ ಪ್ರಶ್ನೆ. 1971ರಲ್ಲಿ ಪತ್ತೆಯಾದ 2309ನೇ ಕ್ಷುದ್ರಗ್ರಹದ ಹೆಸರು 'ಮಿಸ್ಟರ್ ಸ್ಪಾಕ್'. ಅದು ನೇರವಾಗಿ ಧಾರಾವಾಹಿಯ ಸ್ಪಾಕ್‌ಗೆ ಸಂದ ಗೌರವವಲ್ಲ. ಪತ್ತೆಹಚ್ಚಿದವರ ಮನೆಯ ಬೆಕ್ಕಿಗೆ ಆ ಹೆಸರಿತ್ತು, ಕಲ್ಲಿಗೆ ಬೆಕ್ಕಿನ ಹೆಸರು ಬಂತು. ಸಾಕುಪ್ರಾಣಿಗಳ ಹೆಸರು ಬೇಡವೆಂದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಆಮೇಲೆ ಸೂಚಿಸಿತು. ನಮ್ಮ ಕಡೆಯವರು ಇಂಥ ಹಗುರ ಕೆಲಸ ಮಾಡಿದವರಲ್ಲ: ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಕಾವಲೂರಿನಲ್ಲಿ ನಡೆಸುವ ವೀಕ್ಷಣಾಲಯದಿಂದ 1988ರಲ್ಲಿ ಸಿಕ್ಕ 4130ನೇ ಕ್ಷುದ್ರಗ್ರಹಕ್ಕೆ ಗಣಿತಜ್ಞ ರಾಮಾನುಜನ್ ಹೆಸರಿಟ್ಟರು. ಹೆಸರು ರೋಮನ್ ಲಿಪಿಯ 16 ಅಕ್ಷರ ಮೀರಬಾರದು. ಮಾಗಡಿಗೆ ಆರು ಸಾಕು. ಹೆಬ್ಬಾತು ಇಲ್ಲಿ ಯಾರ ಸಾಕುಪ್ರಾಣಿಯೂ ಅಲ್ಲ, ಕಡಲೆ ಬೆಳೆದವರನ್ನು ಕೇಳಿ ನೋಡಿ. ಆದ್ದರಿಂದ ಮುಂದೆ ಕ್ಷುದ್ರಗ್ರಹ ಹಿಡಿಯುವ ಕನ್ನಡಿಗರು ಮಾಗಡಿಯ ಹೆಸರನ್ನು ಪರಿಶೀಲಿಸಬೇಕೆಂದು ವಿನಂತಿ. ಪ್ರಮೇಯವನ್ನು ಪರೀಕ್ಷಿಸಬಯಸುವ ಓದುಗರು ಡಿಸೆಂಬರ್ ಇಲ್ಲವೇ ಜನವರಿಯಲ್ಲಿ ದುರ್ಬೀನು ಹಿಡಿದು ಬರಬೇಕು, ಡ್ರೋನ್ ಮನೆಯಲ್ಲೇ ಬಿಟ್ಟು ಬರಬೇಕು.