ಇನ್ನೂ ಸ್ವಲ್ಪ ನೋಡೋಣ

ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಕೆರಿಬಿಯನ್ನಿನ ಸೇಂಟ್ ಲೂಸಿಯಾಕ್ಕೆ ಹಾಯಿದೋಣಿಯಲ್ಲಿ ಹೊರಟವರ ಮುಂದೆ ಸುಮಾರು 2,700 ನಾಟಿಕಲ್ ಮೈಲಿ ನೀರಿರುತ್ತದೆ. ಎರಡು ಮೂರು ವಾರದ ದಾರಿ. ಅವರು ಬರೆದ ಪುಸ್ತಕಗಳಲ್ಲಿ ಹಗಲಿನ ಪುಟಗಳು ನನಗೆ ಅಷ್ಟಾಗಿ ರುಚಿಸುವುದಿಲ್ಲ. ಡಾಲ್ಫಿನ್ ಬಂತು, ಬ್ರೆಡ್ ಬೇಯಿಸಿದರು, ಮುಗಿಯಿತು. ಪುಟ ಹಾರಿಸಿ ನೇರವಾಗಿ ರಾತ್ರಿಗೆ ಹೋಗುತ್ತೇನೆ. ಸ್ಕ್ವಾಲ್ ಎಂಬ ದಿಢೀರ್ ಗಾಳಿಮಳೆಗೂ ರಾತ್ರಿಯೆಂದರೇ ಹೆಚ್ಚು ಇಷ್ಟ.

ಅದಕ್ಕೆ ಕಾರಣವೂ ಇದೆ. ಕತ್ತಲಾದ ಮೇಲೆ ಮೋಡದ ನೆತ್ತಿ ಶಾಖ ಬಿಟ್ಟು ತಣ್ಣಗಾಗುತ್ತದೆ. ಕೆಳಗೆ ಕಡಲು ಬೆಚ್ಚಗೇ ಇರುತ್ತದೆ. ಮೋಡ ಉಬ್ಬುತ್ತದೆ. ಸುರಿಯುವ ಮಳೆ ತಣ್ಣನೆಯ ಗಾಳಿಯನ್ನೂ ಎಳೆದುತಂದು ನೀರಿನ ಮೇಲೆ ಕೆಡವುತ್ತದೆ. 15 ನಾಟ್ ಇದ್ದ ಗಾಳಿ ಕೆಲವೇ ನಿಮಿಷಗಳಲ್ಲಿ 30 ಮುಟ್ಟಬಹುದು. ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟು.

ಪಾಳಿಯಲ್ಲಿ ಎಚ್ಚರವಿರುವವರು ಗಾಳಿ ಬರುವ ದಿಕ್ಕಿನ ಮೇಲೆ ಕಣ್ಣಿಟ್ಟಿರಬೇಕು. ಅಲ್ಲಿ ನಕ್ಷತ್ರಗಳು ಅಳಿಸಿಹೋಗತೊಡಗಿದರೆ ಏನೋ ಬರುತ್ತಿದೆ ಎಂದರ್ಥ. ರೇಡಾರ್ ಇದ್ದರೆ ಮಳೆ ಕಾಣುತ್ತದೆ, ಗಾಳಿ ಕಾಣುವುದಿಲ್ಲ. ಆಗ ಮೈಗೆ ಬಿಗಿದ ಪಟ್ಟಿಯ ಹಗ್ಗವನ್ನು ದೋಣಿಗೆ ಸಿಕ್ಕಿಸಿಕೊಂಡು, ಕತ್ತಲಿಗೆ ಒಗ್ಗಿದ ಕಣ್ಣು ಕೆಡದಂತೆ ಕೆಂಪು ಟಾರ್ಚ್ ಹಚ್ಚಿ, ದೊಡ್ಡ ಹಾಯಿಯನ್ನು ಒಂದಿಷ್ಟು ಇಳಿಸಿ ಕಟ್ಟಬೇಕು. ಇದೇ ರೀಫ್ ಹಾಕುವುದು. ಹಾಕಬೇಕೇನೋ ಎಂದು ಮೊದಲ ಸಲ ಅನ್ನಿಸಿದಾಗಲೇ ಹಾಕಿಬಿಡಿ ಎನ್ನುತ್ತಾರೆ ಪಳಗಿದವರು.

ಅನ್ನುವುದೇನೋ ಸರಿ. ಆದರೆ ಕೆಳಗೆ ಜೊತೆಗಾರನಿಗೆ ಈಗಷ್ಟೇ ಜೊಂಪು ಹತ್ತಿದೆ. ಎಬ್ಬಿಸಿದ ಮೇಲೆ ಮೋಡ ಪಕ್ಕಕ್ಕೆ ಸರಿದುಹೋದರೆ ಅವನಿಗೆ ಮುಖ ತೋರಿಸುವುದು ಹೇಗೆ? 'ಇನ್ನೂ ಸ್ವಲ್ಪ ನೋಡೋಣ' ಎಂಬ ಮಾತು ಹುಟ್ಟುವುದೇ ಇಲ್ಲಿ. ನಮಗೂ ಇದು ಹೊಸದಲ್ಲ. ಗ್ಯಾಸ್ ಬುಕ್ ಮಾಡುವುದರಿಂದ ಹಲ್ಲುನೋವಿನವರೆಗೆ ನಮ್ಮ ಮನೆಯ ಆಡಳಿತ ನಡೆಯುವುದೇ ಈ ಮಾತಿನ ಮೇಲೆ. ಸ್ಕ್ವಾಲ್ ದಾಟಿದ ಮೇಲೆ ಎಷ್ಟೋ ಸಲ ಗಾಳಿ ಪೂರ್ತಿ ಬಿದ್ದುಹೋಗಿ ಹಾಯಿ ಮತ್ತೆ ಏರಿಸಬೇಕಾಗುತ್ತದೆ. ಆಗಲೂ ಅದೇ ಉತ್ತರ.

ಒಂಟಿಯಾಗಿ ಹಾಯಿದೋಣಿಯಲ್ಲಿ ಭೂಮಿ ಸುತ್ತಿದ ಮೊದಲಿಗ ಜೋಶುವಾ ಸ್ಲೋಕಮ್‌ಗೆ ಎಬ್ಬಿಸಲು ಯಾರೂ ಇರಲಿಲ್ಲ. 1895ರಲ್ಲಿ ಅಜೋರ್ಸ್ ಬಿಟ್ಟ ಮೇಲೆ ಪ್ಲಮ್ ಹಣ್ಣನ್ನೂ ಬಿಳಿ ಚೀಸನ್ನೂ ತಿಂದು ಹೊಟ್ಟೆ ಹಿಡಿದುಕೊಂಡ. ಬಿರುಗಾಳಿ ಏಳುತ್ತಿತ್ತು. ನರಳುತ್ತಲೇ ರೀಫ್ ಹಾಕಿದನೇನೋ ನಿಜ. ಆದರೆ ಅಷ್ಟಕ್ಕೇ ಬಿಡದೆ ಹಾಯಿಯನ್ನು ಮತ್ತೆ ಏರಿಸಿ, ಒಳಗೆ ಹೋಗಿ ನೆಲದ ಮೇಲೆ ಬಿದ್ದುಕೊಂಡ. ಮಂಪರಿನಲ್ಲಿ ಕಣ್ಣು ಬಿಟ್ಟರೆ ಚುಕ್ಕಾಣಿಯ ಬಳಿ ಎತ್ತರದ ಆಳು! ಕೊಲಂಬಸನ ಕಾಲದ ಪಿಂಟಾ ಹಡಗಿನವನಂತೆ. ನಾಲ್ಕು ನೂರು ವರ್ಷ ದಾಟಿ ಬಂದವನು ದೋಣಿ ನಡೆಸಿದ್ದಲ್ಲದೆ ಪಥ್ಯವನ್ನೂ ಹೇಳಿದ. ಮರುದಿನ ನೋಡಿದರೆ ದೋಣಿ ದಿಕ್ಕು ತಪ್ಪದೆ 90 ಮೈಲಿ ಬಂದಿತ್ತು.

ಸ್ಲೋಕಮ್ ಹಾಯಿ ಇಳಿಸಿ ಮಲಗಿದ್ದರೆ ಪಿಂಟಾದವನಿಗೆ ಆ ರಾತ್ರಿ ಕೆಲಸವೇ ಇರುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ರೀಫ್ ಹಾಕಿದವರ ದಿನಚರಿಯಲ್ಲಿ ಉಳಿಯುವುದು ಒಂದೇ ಸಾಲು: ಸ್ಕ್ವಾಲ್ ಬಂತು, ಹೋಯಿತು. ಅವರು ಒಳ್ಳೆಯ ನಾವಿಕರು, ಸಂಶಯವಿಲ್ಲ. ಆದರೆ ಪುಸ್ತಕಕ್ಕೆ ಬೇಕಾಗುವ ಸರಕು ಅವರಲ್ಲಿಲ್ಲ. ಓದುವವರ ಪುಣ್ಯ, 'ಇನ್ನೂ ಸ್ವಲ್ಪ ನೋಡೋಣ' ಎನ್ನುವವರು ಕಡಲಿನಲ್ಲಿ ಯಾವತ್ತೂ ಕಡಿಮೆಯಾಗಿಲ್ಲ.