ಬಂಡಿ ಸುಧಾರಿಸುತ್ತಿದೆ

ಅಮೆರಿಕದ ನಿವೃತ್ತರಲ್ಲಿ ಒಂದು ವಿಶೇಷ ಪಂಗಡವಿದೆ. ಈ ಪಂಗಡದ ಮಹನೀಯರ ಅಂಗಳದಲ್ಲಿ 26 ಅಡಿಯ ಹಳೇ ಜಿಎಂಸಿ ಮೋಟಾರ್‌ಹೋಮ್, ಎಂದರೆ ಹಾಸಿಗೆ, ಒಲೆ, ಕಕ್ಕಸು ಸಮೇತ ಊರೂರು ಓಡಾಡುವ ಮನೆ, ನಿಂತಿರುತ್ತದೆ. ನಿಂತಿರುತ್ತದೆ ಎಂಬುದನ್ನು ಓದುಗರು ಗಮನಿಸಬೇಕು. ಜನರಲ್ ಮೋಟಾರ್ಸ್ ಇದನ್ನು 1973ರಿಂದ 1978ರವರೆಗೆ ತಯಾರಿಸಿತು. ಓಲ್ಡ್ಸ್‌ಮೊಬಿಲ್ ಟೊರೊನಾಡೊ ಕಾರಿನ ವಿ-8 ಎಂಜಿನ್ನನ್ನು ತಂದು ಮೂತಿಯಲ್ಲಿ ಕೂರಿಸಿ, ಅಷ್ಟುದ್ದದ ಬಂಡಿಯನ್ನು ಮುಂದಿನ ಚಕ್ರಗಳಿಂದಲೇ ಎಳೆಸಿತು. ಇಂಥದ್ದನ್ನು ಕೊಂಡವರಿಗೆ ದೇಶ ಸುತ್ತುವ ಚಪಲ ಎಂದು ನೆರೆಹೊರೆಯವರು ತಿಳಿಯುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಹೊರಡುವುದಕ್ಕೆ ಇನ್ನೊಂದೇ ಒಂದು ಕೆಲಸ ಬಾಕಿಯಿದೆ ಎಂಬ ಸ್ಥಿತಿಯೇ ಇವರ ಪಾಲಿನ ಪರಮಸುಖ. ಸಾಕ್ಷಿಗೆ ಆಲ್ಟರ್ನೇಟರ್, ಎಂದರೆ ಎಂಜಿನ್ ತಿರುಗುವಾಗ ವಿದ್ಯುತ್ ಹುಟ್ಟಿಸುವ ಯಂತ್ರ, ಒಂದೇ ಸಾಕು.

ಮೂಲ ಆಲ್ಟರ್ನೇಟರ್ ಅಂದಿನ ದೀಪ, ಫ್ಯಾನುಗಳಿಗೆ ಸಾಲುತ್ತಿತ್ತು. ಮಹನೀಯರು ಹಿಂದುಗಡೆ ಲಿಥಿಯಂ ಬ್ಯಾಟರಿ ಇಟ್ಟ ಮೇಲೆ 150 ಆಂಪಿಯರಿನದು ಬೇಕಾಯಿತು. 14 ವೋಲ್ಟಿನಲ್ಲಿ ಅದು 2,100 ವಾಟ್. ಶಾಖವಾಗಿ ಸೋರಿಹೋಗುವುದನ್ನೂ ಲೆಕ್ಕ ಹಿಡಿದರೆ ಎಂಜಿನ್ ಸುಮಾರು 5 ಅಶ್ವಶಕ್ತಿ ಕೊಡಬೇಕು. ಎಂಜಿನ್ನಿನಿಂದ ಆಲ್ಟರ್ನೇಟರನ್ನು ತಿರುಗಿಸುವ ಒಂಟಿ ವಿ-ಬೆಲ್ಟು ಅಷ್ಟನ್ನು ಹೊರಲಾರದೆ ಜಾರುತ್ತದೆ, ಕಿರುಚುತ್ತದೆ. ಬಿಗಿ ಮಾಡಿದರೆ ಬೇರಿಂಗಿನ ಮೇಲೆ ಭಾರ, ಆಲ್ಟರ್ನೇಟರನ್ನು ಹಿಡಿದಿರುವ ಬ್ರಾಕೆಟ್ಟು ಬಾಗುತ್ತದೆ, ಪುಲಿಗಳ ಸಾಲು ತಪ್ಪಿ ಬೆಲ್ಟಿನ ಅಂಚು ಸವೆದು ಕರಿ ಪುಡಿ ಉದುರುತ್ತದೆ. ಆಗ ದಪ್ಪ ಅಲ್ಯುಮಿನಿಯಂ ಹಲಗೆ ಕೊಯ್ದು ಹೊಸ ಬ್ರಾಕೆಟ್ಟು. ಅದರ ದಪ್ಪಕ್ಕೆ ಆಲ್ಟರ್ನೇಟರ್ ಮುಂದೆ ಬಂತೆಂದು ವಾಷರುಗಳ ಹೊಂದಾಣಿಕೆ. ಬಂಡಿಯೊಳಗಿನ ಮುಚ್ಚಳ ತೆಗೆದು, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಎರಡು ಪುಲಿಗಳ ಮುಖಕ್ಕೆ ಉಕ್ಕಿನ ಸ್ಕೇಲು ಆನಿಸಿ, ಒಂದು ಕಣ್ಣು ಮುಚ್ಚಿ ನೋಡುವಾಗ ಅವರ ಮುಖದ ಪ್ರಸನ್ನತೆ ಯಾವ ಪ್ರವಾಸಿಗೂ ದಕ್ಕದು. ಸ್ಪ್ಯಾನರುಗಳು ಊಟದ ಮೇಜಿನ ಮೇಲೆ. ಊಟ ಎಲ್ಲಿ ಎಂದು ಮನೆಯಾಕೆ ಕೇಳುವುದನ್ನು ಬಿಟ್ಟಿದ್ದಾರೆ. ಕೊನೆಗೆ ವಿ-ಬೆಲ್ಟುಗಳನ್ನೇ ಕಿತ್ತು, ಎಲ್ಲವನ್ನೂ ಒಂದೇ ಹಾವಿನಂತೆ ಸುತ್ತುವ ಚಪ್ಪಟೆ ಸರ್ಪೆಂಟೈನ್ ಬೆಲ್ಟು, ಅದನ್ನು ತಾನಾಗಿ ಬಿಗಿಹಿಡಿಯುವ ಸ್ಪ್ರಿಂಗ್ ಟೆನ್ಷನರ್. ಬೆಲ್ಟಿನ ಬೆನ್ನು ನೀರಿನ ಪಂಪಿಗೆ ತಾಗುವಂತೆ ಸುತ್ತಿದರೆ ಪಂಪು ಉಲ್ಟಾ ತಿರುಗುತ್ತದೆ; ಉಲ್ಟಾ ತಿರುಗುವುದಕ್ಕೆಂದೇ ಮಾಡಿದ ಪಂಪನ್ನು ಹುಡುಕಬೇಕು. ಹೊರಡುವುದು ಮುಂದಿನ ಬೇಸಿಗೆಗೆ.

ಹಳೇ ಬಂಡಿ, ಬಿಡಿಭಾಗ ಸಿಗದೆ ಹೀಗೆ ಮಾಡುತ್ತಾರೆ ಎಂದು ವಾದಿಸುವವರಿದ್ದಾರೆ. ಆ ಕಾಲದ ಆಲ್ಟರ್ನೇಟರನ್ನು ರಿಪೇರಿ ಮಾಡಿ ಮಾರುವವರು ಅಲ್ಲಿ ಈಗಲೂ ಇದ್ದಾರೆ, ವಿ-ಬೆಲ್ಟೂ ಅಂಗಡಿಯಲ್ಲಿ ಸಿಗುತ್ತದೆ. ಹಳೆಯದಕ್ಕೆ ಹಳೆಯದನ್ನೇ ಹಾಕಿ ಮಧ್ಯಾಹ್ನಕ್ಕೆ ಹೊರಡಬಹುದು. ಲಿಥಿಯಂ ಬ್ಯಾಟರಿಯ ಹಸಿವಿಗೆ ಅದು ಸಾಲದಲ್ಲ ಎಂಬುದು ತೂಕವುಳ್ಳ ಆಕ್ಷೇಪ. ಲಿಥಿಯಂ ಕೊಟ್ಟಷ್ಟನ್ನೂ ನುಂಗುತ್ತದೆ, ಎಂಜಿನ್ ನಿಧಾನಕ್ಕೆ ತಿರುಗುತ್ತಿರುವಾಗಲಂತೂ ಗಾಳಿ ಸಾಲದೆ ಆಲ್ಟರ್ನೇಟರ್ ಕಾದು ಸುಡಬಹುದು. ಆದರೆ ನಡುವೆ ಒಂದು ಡಿಸಿ-ಡಿಸಿ ಚಾರ್ಜರ್ ಹಾಕಿ ಕರೆಂಟಿಗೆ ಮಿತಿ ಹೇರಿದರೆ ಬ್ರಾಕೆಟ್ಟನ್ನು ಮುಟ್ಟುವ ಅಗತ್ಯವೇ ಇಲ್ಲ. ಮಹನೀಯರಿಗೆ ಇದು ಗೊತ್ತು. ಚಾರ್ಜರು ತಂದಿದ್ದಾರೆ, ಡಬ್ಬಿಯಲ್ಲಿದೆ. ಅದನ್ನು ಹಾಕಿದರೆ ಹೊರಡಬೇಕಾಗುತ್ತದೆ.

ಸರ್ಪೆಂಟೈನ್ ಬೆಲ್ಟು ನಿಜಕ್ಕೂ ಮೇಲಲ್ಲವೇ ಎಂದರೆ, ಮೇಲೇ. ಕಾರು ಕಂಪನಿಗಳೆಲ್ಲ ಕ್ರಮೇಣ ಅದಕ್ಕೇ ಬಂದವು. ತೊಡಕಿರುವುದೇ ಅಲ್ಲಿ. ಕೌಪೀನವನ್ನು ಇಲಿ ಕಡಿಯಿತೆಂದು ಬೆಕ್ಕು, ಬೆಕ್ಕಿಗೆ ಹಾಲೆಂದು ಹಸು ಕಟ್ಟಿ ಸಂಸಾರಿಯಾದ ಸನ್ಯಾಸಿಗಾದರೂ ತಾನು ದಾರಿ ತಪ್ಪಿದೆನೆಂದು ಒಂದು ದಿನ ಹೊಳೆದೀತು. ಇವರಿಗೆ ಹೊಳೆಯುವಂತಿಲ್ಲ, ಇವರ ಒಂದೊಂದು ಹೆಜ್ಜೆಯೂ ಎಂಜಿನಿಯರಿಂಗ್ ಪ್ರಕಾರ ಸರಿ. ತಪ್ಪು ಕೆಲಸಕ್ಕೆ ಎಲ್ಲಾದರೂ ಕೊನೆಯುಂಟು, ಸರಿಯಾದ ಕೆಲಸಕ್ಕೆ ಇಲ್ಲ. ಹಾಗೆಂದು ಇದೆಲ್ಲ ವ್ಯರ್ಥವೆಂದರೆ ಅನ್ಯಾಯವಾದೀತು. ಕಂಪನಿ ಕೈತೊಳೆದುಕೊಂಡ ಬಂಡಿಗಳು ಇವತ್ತಿಗೂ ರಸ್ತೆಯ ಮೇಲಿದ್ದರೆ ಅದು ಇಂಥವರ ಪುಣ್ಯ. ಬ್ರಾಕೆಟ್ಟಿನ ನಕ್ಷೆಯನ್ನು ಕೇಳಿದವರಿಗೆಲ್ಲ ಪುಕ್ಕಟೆ ಹಂಚುವಷ್ಟು ಇವರು ಧಾರಾಳಿಗಳು. ಪಡೆದವನು ಎರಡು ದಿನದಲ್ಲಿ ಜೋಡಿಸಿಕೊಂಡು, ಗ್ರ್ಯಾಂಡ್ ಕ್ಯಾನ್ಯನ್ ಅಂಚಿನಲ್ಲಿ ನಿಂತು, ಕೃತಜ್ಞತೆಯಿಂದ ಫೋಟೊ ಕಳಿಸಿದರೆ ಇವರು ಕೂಡಲೇ ಉತ್ತರಿಸುತ್ತಾರೆ: "ಘಾಟಿ ಹತ್ತುವಾಗ ಬೆಲ್ಟು ಸದ್ದು ಮಾಡಿತೇ?"